ಟಿ-34 ಟ್ಯಾಂಕಿನ ಒಂದು ಚೈನ್ ಲಿಂಕ್: ತುಕ್ಕು ಬಿಡಿಸಿ ಉಳಿಸಿಕೊಂಡ ಬಗೆ

ಹಳೇ ಯುದ್ಧಭೂಮಿಯಿಂದ ಬಂದ ಟ್ಯಾಂಕ್ ಸಾಮಾನು ಕೂಡಿಹಾಕುವ ಹುಚ್ಚಿದ್ದವರು ಮೊದಲು ಕೊಳ್ಳುವುದು ಬಹುಪಾಲು ಟ್ರ್ಯಾಕ್ ಲಿಂಕನ್ನೇ. ಅದರಲ್ಲಿ ಸಿಡಿಯುವಂಥದ್ದು ಏನೂ ಇಲ್ಲ. ಒಂದು ಟ್ಯಾಂಕಿಗೆ ನೂರಕ್ಕೂ ಜಾಸ್ತಿ ಲಿಂಕ್ ಇರುವುದರಿಂದ ಸುಲಭಕ್ಕೆ ಸಿಗುತ್ತದೆ. ದಪ್ಪ ಎರಕದ ಉಕ್ಕು, ಎಂಬತ್ತು ವರ್ಷ ಮಣ್ಣಲ್ಲಿದ್ದರೂ ತಡೆದುಕೊಂಡಿರುತ್ತದೆ. ಊರಲ್ಲಿ ಹಿಟಾಚಿ ಓಡಾಡುವುದನ್ನು ನೋಡಿದವರಿಗೆ ಇದೇನು ಅಂತ ಬಿಡಿಸಿ ಹೇಳಬೇಕಿಲ್ಲ. ಅದೇ ಚೈನ್, ಅದರ ಒಂದು ತುಂಡು.

ನಾನಿರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ. ಇಲ್ಲಿನ ಒಂದು ಮಿಲಿಟೇರಿಯಾ ಮೇಳದಲ್ಲಿ, ಅಂದರೆ ಹಳೇ ಸೇನಾ ಸಾಮಾನು ಮಾರುವ ಸಂತೆಯಲ್ಲಿ, ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕ್ ಟಿ-34ರ ಈ ಲಿಂಕ್ ಸಿಕ್ಕಿತು. ಲಾತ್ವಿಯಾದ ಕುರ್ಲಾಂಡ್‌ನಿಂದ ಬಂದದ್ದು ಎಂದು ಮಾರಿದವರು ಹೇಳಿದರು. 1944ರ ಅಕ್ಟೋಬರ್‌ನಲ್ಲಿ ಸೋವಿಯತ್ ಸೇನೆ ಬಾಲ್ಟಿಕ್ ಸಮುದ್ರ ತಲುಪಿದಾಗ ಜರ್ಮನ್ ಸೇನೆಯ ದೊಡ್ಡ ಭಾಗವೊಂದು ಅಲ್ಲಿ ಸಿಕ್ಕಿಬಿತ್ತು. 1945ರ ಮೇ ತಿಂಗಳಲ್ಲಿ ಶರಣಾಗುವವರೆಗೂ ಕಾದಾಟ ನಡೆದೇ ಇತ್ತು. ಹಾಗಾಗಿ ಅಲ್ಲಿನ ಕಾಡು, ಜೌಗು, ಹೊಲಗಳಲ್ಲಿ ಎರಡೂ ಕಡೆಯ ಕಬ್ಬಿಣ ಇನ್ನೂ ಇದೆ.

ಬೆಲೆ ಕೇಳಿದಾಗ ಮಾರುವವರು ಒಂದು ಮೂಲೆ ತೋರಿಸಿ, "ಇಲ್ನೋಡಿ, ಶೆಲ್ ಬಿದ್ದ ಗುರುತು" ಎಂದರು. ಅಲ್ಲಿ ಅಂಚು ಹರಿದು ಹೋಗಿತ್ತು. ಯುದ್ಧದ ಗಾಯ ಇದ್ದರೆ ಬೆಲೆ ಜಾಸ್ತಿ, ಈ ವ್ಯಾಪಾರ ನಡೆಯುವುದೇ ಹಾಗೆ. ನಾನು ಆ ಮೂಲೆಗೆ ದುಡ್ಡು ಕೊಡಲಿಲ್ಲ. ತುಕ್ಕು ಹೋದ ಮೇಲೆ ನೋಡೋಣ ಅಂದುಕೊಂಡು ಲಿಂಕಿನ ಬೆಲೆಯಷ್ಟೇ ಕೊಟ್ಟು ತಂದೆ.

ಕೈಗೆ ಬಂದಾಗ ಇದ್ದ ಸ್ಥಿತಿ

ಅಗಲ 500 ಮಿಮೀ. ನಡುವೆ ಎತ್ತರದ ಹಲ್ಲು. ನೆಲ ಮುಟ್ಟುವ ಮೈಯಲ್ಲಿ ಚೌಕ ಚೌಕ ಗುಳಿ. 1942ರ ನಂತರದ ಟಿ-34ಗಳಲ್ಲಿ ಕಾಣುವ ಮಾದರಿ ಇದು. ಅದಕ್ಕಿಂತ ಹಳೆಯದು 550 ಮಿಮೀ ಅಗಲ. ಈ ಚೈನಿನಲ್ಲಿ ಒಂದು ಲಿಂಕಿಗೆ ಹಲ್ಲು ಇರುತ್ತದೆ, ಮುಂದಿನದು ಬರೀ ಚಪ್ಪಟೆ, ಮತ್ತೆ ಹಲ್ಲು. ಟ್ಯಾಂಕಿನ ಹಿಂಬದಿಯಲ್ಲಿ ಚೈನ್ ಓಡಿಸುವ ಚಕ್ರದೊಳಗೆ ಆರು ರೋಲರ್‌ಗಳಿರುತ್ತವೆ. ಅವು ಈ ಹಲ್ಲನ್ನು ಹಿಡಿದು ಚೈನ್ ಎಳೆಯುತ್ತವೆ. ಬೇರೆ ಟ್ಯಾಂಕ್‌ಗಳ ಹಾಗೆ ಚಕ್ರದ ಹಲ್ಲು ಲಿಂಕಿನ ತೂತಿಗೆ ಸಿಕ್ಕುವ ವ್ಯವಸ್ಥೆ ಇಲ್ಲಿಲ್ಲ. ಆದ್ದರಿಂದ ಹಲ್ಲಿರುವ ಲಿಂಕ್ ಕೊಂಡರೆ ನೋಡುವುದಕ್ಕೆ, ಓದುವುದಕ್ಕೆ ಏನಾದರೂ ಇರುತ್ತದೆ. ಚಪ್ಪಟೆಯದು ಅಗ್ಗ, ಆದರೆ ಸಪ್ಪೆ.

ಒಬ್ಬನೇ ಎತ್ತಬಹುದು, ಆದರೆ ಸೊಂಟ ನೋಡಿಕೊಂಡು ಎತ್ತಬೇಕು. ಮೈಯೆಲ್ಲಾ ಯಾರೋ ಕಪ್ಪು ಎನಾಮಲ್ ಬಳಿದಿದ್ದರು. ತುಕ್ಕಿನ ಮೇಲೇ ಬಳಿದದ್ದು. ಉಗುರು ಹಾಕಿದರೆ ಮಳೆಗೆ ನೆನೆದ ಗೋಡೆಯ ಸುಣ್ಣದ ಹಾಗೆ ಬಣ್ಣ, ತುಕ್ಕು ಎರಡೂ ಚಕ್ಕೆಯಾಗಿ ಬರುತ್ತಿತ್ತು. ಲಿಂಕಿಗೆ ಲಿಂಕ್ ಸೇರಿಸುವುದು ಪಿನ್. ಒಂದು ಪಿನ್ ತೂತಿನೊಳಗೆ ಮುರಿದ ಪಿನ್ನಿನ ತುಂಡು ಕಚ್ಚಿಕೊಂಡಿತ್ತು.

ಮೊದಲು ಮಾಡಿದ್ದು ಅಯಸ್ಕಾಂತದ ಪರೀಕ್ಷೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥದ್ದಲ್ಲ, ಸ್ವಲ್ಪ ಬಲವಾದದ್ದು. ಪಿನ್ನಿನ ತುಂಡಿಗೆ ಪಟ್ಟನೆ ಹಿಡಿಯಿತು. ಲಿಂಕಿನ ಮೈಗೆ ಇಟ್ಟರೆ ಸುಮ್ನೆ ಜಾರಿತು. ತುಕ್ಕು ದಪ್ಪವಿದ್ದ ಕಡೆ ಮಾತ್ರ ಸಣ್ಣಗೆ ಎಳೆಯಿತು. ತುಕ್ಕಿನ ಪದರದಲ್ಲಿರುವ ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತ ಹಿಡಿಯುವ ಕಬ್ಬಿಣದ ಆಕ್ಸೈಡ್, ಮಾಡುವ ಕೆಲಸ ಅದು.

ಇಷ್ಟು ದೊಡ್ಡ ಉಕ್ಕಿನ ಗಟ್ಟಿಗೆ ಅಯಸ್ಕಾಂತ ಹಿಡಿಯದಿರುವುದು ಹೇಗೆ? ಇದು ಹ್ಯಾಡ್‌ಫೀಲ್ಡ್ ಉಕ್ಕು. ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ 1880ರ ದಶಕದಲ್ಲಿ ಕಂಡುಹಿಡಿದದ್ದು. ಶೇಕಡಾ 12-14ರಷ್ಟು ಮ್ಯಾಂಗನೀಸ್, ಶೇಕಡಾ 1ಕ್ಕಿಂತ ಸ್ವಲ್ಪ ಜಾಸ್ತಿ ಇಂಗಾಲ. ಎರಕ ಹೊಯ್ದು, ಕಾಯಿಸಿ, ನೀರಲ್ಲಿ ತಣಿಸಿದರೆ ಇದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಇನ್ನೊಂದು ಗುಣ ಇದಕ್ಕಿಂತ ದೊಡ್ಡದು. ಹೊಡೆದಷ್ಟೂ ಇದರ ಮೇಲ್ಮೈ ಗಟ್ಟಿಯಾಗುತ್ತದೆ. ಸುಮಾರು 200 ಬ್ರಿನೆಲ್ ಗಡಸುತನದಿಂದ ಶುರುವಾಗಿ ಏಟು ಬಿದ್ದ ಕಡೆ 500ರ ಹತ್ತಿರ ಹೋಗುತ್ತದೆ, ಒಳಗೆ ಮಾತ್ರ ಮೆದುವಾಗಿ, ಮುರಿಯದೆ ಇರುತ್ತದೆ. ಕಲ್ಲಿನ ಮೇಲೆ ಓಡುವ ಚೈನಿಗೆ ಇನ್ನೇನು ಬೇಕು? ನಮ್ಮ ಕಡೆ ಜಲ್ಲಿ ಕ್ರಷರ್‌ಗಳಲ್ಲಿ ಕಲ್ಲು ಅಗಿಯುವ ಜಾ ಪ್ಲೇಟ್ ಕೂಡ ಮ್ಯಾಂಗನೀಸ್ ಉಕ್ಕೇ. ಕ್ರಷರ್ ಇಟ್ಟವರನ್ನು ಕೇಳಿ, "ಮ್ಯಾಂಗನೀಸ್ ಪ್ಲೇಟ್" ಎಂದೇ ಹೇಳುತ್ತಾರೆ.

ಸಂಡೂರಿನ ಅದಿರು ಲಾರಿಗಳ ಧೂಳು ಕುಡಿದು ಬೆಳೆದವನಿಗೆ ಮ್ಯಾಂಗನೀಸ್ ಹೊಸ ಹೆಸರಲ್ಲ. ಆದರೆ ಅದಕ್ಕಾಗಿ ಸೇನೆಗಳು ಕಾದಾಡಿದ್ದು ಈ ಲಿಂಕಿನ ಬೆನ್ನು ಹತ್ತಿ ಓದುವವರೆಗೂ ನನ್ನ ತಲೆಗೆ ಬಂದಿರಲಿಲ್ಲ. ಸೋವಿಯತ್ ದೇಶಕ್ಕೆ ಎರಡು ದೊಡ್ಡ ಗಣಿ ಪ್ರದೇಶಗಳಿದ್ದವು: ಉಕ್ರೇನಿನ ನಿಕೊಪೋಲ್, ಜಾರ್ಜಿಯಾದ ಚಿಯಾತುರಾ. 1941ರಲ್ಲಿ ನಿಕೊಪೋಲ್ ಜರ್ಮನ್ನರ ಕೈಗೆ ಹೋಯಿತು. ಸುತ್ತಲಿನ ಸೇನೆ ಹಿಂದೆ ಸರಿಯುತ್ತಿದ್ದಾಗಲೂ ಆ ಗಣಿಗಳನ್ನು ಬಿಡಬಾರದು ಎಂದು ಹಿಟ್ಲರ್ ಹಟ ಹಿಡಿದ. 1944ರ ಫೆಬ್ರವರಿಯಲ್ಲಿ ಅದು ಕೈತಪ್ಪಿತು.

ಈ ಲೋಹದ ಪಾಠ ರಿಪೇರಿಗೂ ಬೇಕು. ಕಚ್ಚಿಕೊಂಡ ಪಿನ್ ಬಿಡಿಸುವುದಕ್ಕೆ ಗ್ಯಾರೇಜಿನವರು ಮೊದಲು ಮಾಡುವುದು ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸುವುದು. ಹ್ಯಾಡ್‌ಫೀಲ್ಡ್ ಉಕ್ಕಿಗೆ ಅದು ವಿಷ. ಸುಮಾರು 300 ಡಿಗ್ರಿ ದಾಟಿ ಕಾಯಿಸಿ ಬಿಟ್ಟರೆ ಒಳಗಡೆ ಇಂಗಾಲ ಲೋಹದ ಜೊತೆ ಸೇರಿ ಕಾರ್ಬೈಡ್ ಎಂಬ ಗಡಸು ಕಣಗಳಾಗಿ, ಮುರಿಯದ ಉಕ್ಕು ಪಟಕ್ಕನೆ ಮುರಿಯುವ ಉಕ್ಕಾಗುತ್ತದೆ. ಡ್ರಿಲ್ ಕೂಡ ಆಗುವುದಿಲ್ಲ. ಬಿಟ್ ಉಜ್ಜಿದಷ್ಟೂ ಆ ಜಾಗ ಗಟ್ಟಿಯಾಗುತ್ತಾ ಹೋಗುತ್ತದೆ, ಕೊನೆಗೆ ಸವೆಯುವುದು ಬಿಟ್ಟೇ.

ಏನು ಮಾಡಬಾರದು ಎಂದು ತೀರ್ಮಾನಿಸಿದ್ದು

ಸ್ಯಾಂಡ್‌ಬ್ಲಾಸ್ಟ್ ಮಾಡಿಸಿದರೆ ಒಂದು ಗಂಟೆಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ಎಷ್ಟೋ ಜನ ಹಾಗೇ ಮಾಡಿಸಿ, ಕಪ್ಪು ಬಣ್ಣ ಹೊಡೆದು, ಹಾಲ್‌ನಲ್ಲಿ ಇಡುತ್ತಾರೆ. ಅದು ಅವರವರ ಇಷ್ಟ. ಆದರೆ ಲಿಂಕಿನ ಮೇಲೆ ಓದುವುದಕ್ಕೆ ಇರುವುದೆಲ್ಲಾ ಮೇಲಿನ ಅರ್ಧ ಮಿಲಿಮೀಟರ್‌ನಲ್ಲೇ ಇದೆ: ಎರಕದ ಗುರುತು, ರೋಲರ್ ಉಜ್ಜಿದ ಹೊಳಪು, ಕಲ್ಲು ಹೊಡೆದ ಕಚ್ಚು. ಮರಳು ಅದನ್ನೇ ಮೊದಲು ತಿನ್ನುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ಡೂ ಬೇಡ. ತುಕ್ಕಿನ ಜೊತೆ ಒಳ್ಳೆ ಲೋಹವನ್ನೂ ತಿನ್ನುತ್ತದೆ, ಹೋಗುವಾಗ ಕ್ಲೋರೈಡ್ ಬಿಟ್ಟು ಹೋಗುತ್ತದೆ. ನೆಲದಿಂದ ಬಂದ ಕಬ್ಬಿಣಕ್ಕೆ ಕ್ಲೋರೈಡೇ ದೊಡ್ಡ ಶತ್ರು. ಮಣ್ಣಿನ ಉಪ್ಪು ತುಕ್ಕಿನ ಒಳಪದರದಲ್ಲಿ ಕೂತಿರುತ್ತದೆ. ಹೊರಗೆ ಚೆನ್ನಾಗಿ ಕಂಡ ವಸ್ತು ಕೆಲವು ತಿಂಗಳಾದ ಮೇಲೆ ಕಿತ್ತಳೆ ಬಣ್ಣದ ಹನಿಗಳನ್ನು ಬೆವರುವುದಕ್ಕೆ ಶುರುಮಾಡಿತೆಂದರೆ ಉಪ್ಪು ಹೋಗಿಲ್ಲ ಎಂದು ಅರ್ಥ.

ಆಮ್ಲಜನಕ ಸಿಗದ ಕಡೆ ಕಬ್ಬಿಣ ಎಷ್ಟು ಚೆನ್ನಾಗಿ ಉಳಿಯುತ್ತದೆ ಎಂಬುದಕ್ಕೆ ಎಸ್ಟೋನಿಯಾದ ಒಂದು ಟಿ-34 ಸಾಕ್ಷಿ. ಜರ್ಮನ್ನರು ವಶಪಡಿಸಿಕೊಂಡು, ತಮ್ಮ ಶಿಲುಬೆ ಗುರುತು ಬರೆದು ಓಡಿಸುತ್ತಿದ್ದ ಟ್ಯಾಂಕ್ ಅದು. 1944ರಲ್ಲಿ ಹಿಮ್ಮೆಟ್ಟುವಾಗ ಕುರ್ಟ್ನಾ ಮಟಸ್‌ಯಾರ್ವ್ ಎಂಬ ಕೆರೆಗೆ ಇಳಿಸಿಬಿಟ್ಟರು. 2000ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಬುಲ್ಡೋಜರ್ ಕಟ್ಟಿ ಮೇಲೆಳೆದಾಗ ಬಣ್ಣದ ಗುರುತು ಇನ್ನೂ ಕಾಣುತ್ತಿತ್ತು. ತಳದ ಪೀಟ್ ಕೆಸರು, ಅಂದರೆ ಜೌಗಿನ ಗಿಡಗಳು ಅರೆಕೊಳೆತು ಆದ ಮಣ್ಣು, ಗಾಳಿ ತಾಕದ ಹಾಗೆ ಕಾದಿತ್ತು. ನನ್ನ ಲಿಂಕಿಗೆ ಆ ಭಾಗ್ಯ ಇರಲಿಲ್ಲ. ಒಂದು ಬದಿ ಗುಳಿ ಗುಳಿಯಾಗಿ ತಿಂದಿತ್ತು, ಇನ್ನೊಂದು ಬದಿ ಚೆನ್ನಾಗಿತ್ತು. ನೆಲದಲ್ಲಿ ಅರ್ಧ ಹೂತು ಅರ್ಧ ಹೊರಗಿದ್ದ ಹಾಗೆ ಕಾಣುತ್ತದೆ.

ತೊಟ್ಟಿಯಲ್ಲಿ

ನಾನು ಆರಿಸಿಕೊಂಡದ್ದು ಎಲೆಕ್ಟ್ರೋಲಿಸಿಸ್, ಅಂದರೆ ಸೋಡಾ ನೀರಿನಲ್ಲಿ ಕರೆಂಟ್ ಹರಿಸಿ ತುಕ್ಕು ಬಿಡಿಸುವುದು. ಸಾಮಾನು ದುಬಾರಿ ಏನಲ್ಲ. ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ವಾಷಿಂಗ್ ಸೋಡಾ, ಕಟ್ಟಡದ ಕಬ್ಬಿಣದ ಕಂಬಿ, ಹಳೇ ಕಾಲದ 12 ವೋಲ್ಟ್ ಬ್ಯಾಟರಿ ಚಾರ್ಜರ್. ಈಗಿನ ಸ್ಮಾರ್ಟ್ ಚಾರ್ಜರ್ ಆಗುವುದಿಲ್ಲ. ಎದುರಿಗೆ ಬ್ಯಾಟರಿ ಕಾಣದಿದ್ದರೆ ಅದು ಕರೆಂಟೇ ಬಿಡುವುದಿಲ್ಲ. ವಾಷಿಂಗ್ ಸೋಡಾ ಲೀಟರಿಗೆ ಒಂದು ಟೀ ಚಮಚ ಸಾಕು. ಅಡುಗೆ ಸೋಡಾ ಬೇರೆ, ಇದು ಬೇರೆ. ಕರೆಂಟ್ ಚೆನ್ನಾಗಿ ಹರಿಯಲಿ ಎಂದು ಉಪ್ಪು ಹಾಕುವವರಿದ್ದಾರೆ, ದಯವಿಟ್ಟು ಹಾಕಬೇಡಿ. ಕ್ಲೋರಿನ್ ಗಾಳಿ ಬರುತ್ತದೆ, ಓಡಿಸಬೇಕಾದ ಕ್ಲೋರೈಡನ್ನು ನಾವೇ ಕರೆದು ಕೂರಿಸಿದಂತಾಗುತ್ತದೆ.

ಕಪ್ಪು ವೈರು, ಅಂದರೆ ನೆಗೆಟಿವ್, ಲಿಂಕಿಗೆ. ಕೆಂಪು ವೈರು ಕಂಬಿಗಳಿಗೆ. ತಿರುಗುಮುರುಗಾದರೆ ಲಿಂಕೇ ಕರಗುತ್ತದೆ, ಸ್ವಿಚ್ ಹಾಕುವ ಮುಂಚೆ ಮತ್ತೊಮ್ಮೆ ನೋಡಿ. ಕಂಬಿಗೆ ಬದಲು ಸ್ಟೇನ್‌ಲೆಸ್ ಸ್ಟೀಲ್ ಇಡುವುದು ಕೆಲವರ ರೂಢಿ. ಬೇಗ ಕೊಳೆಯುವುದಿಲ್ಲ ಎಂಬ ಆಸೆ. ಅದರಿಂದ ಹೆಕ್ಸಾವ್ಯಾಲೆಂಟ್ ಕ್ರೋಮಿಯಂ ನೀರಿಗೆ ಬರುತ್ತದೆ. ಅದು ಕ್ಯಾನ್ಸರ್ ತರುವ ವಿಷ, ಚರಂಡಿಗೆ ಚೆಲ್ಲುವ ಹಾಗೂ ಇಲ್ಲ. ಗ್ಯಾಲ್ವನೈಸ್ ಮಾಡಿದ ಕಂಬಿಯೂ ಬೇಡ. ಬರೀ ಕಬ್ಬಿಣ, ಸಾಕು.

ಕರೆಂಟ್ ಬಿಟ್ಟ ಕೂಡಲೇ ಲಿಂಕಿನ ಮೈಯಿಂದ ಸಣ್ಣ ಗುಳ್ಳೆ ಏಳುವುದಕ್ಕೆ ಶುರುವಾಯಿತು. ಅದು ಹೈಡ್ರೋಜನ್, ಬೆಂಕಿ ಹತ್ತುವ ಗಾಳಿ. ಹಾಗಾಗಿ ಶೆಡ್ಡಿನ ಬಾಗಿಲು ಪೂರ್ತಿ ತೆಗೆದಿಟ್ಟು ಮಾಡಿದೆ. ಕ್ಲಿಪ್ ಮುಟ್ಟುವ ಮುಂಚೆ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದೆ. ನೀರಿನ ಪಕ್ಕ ಕಿಡಿ ಹಾರಿದರೆ ತಮಾಷೆಯಾಗಿರುವುದಿಲ್ಲ.

ಕ್ಲಿಪ್ ಕಚ್ಚುವುದಕ್ಕೆ ಬರೀ ಲೋಹ ಕಾಣಬೇಕು. ಅದಕ್ಕೆ ಅರ ಹಿಡಿದು ಮೈ ಉಜ್ಜುವ ಬದಲು ಖಾಲಿ ಪಿನ್ ತೂತಿನೊಳಗೆ ಒಂದು ಬೋಲ್ಟ್ ತೂರಿಸಿ, ನಟ್ ಬಿಗಿದು, ಆ ಬೋಲ್ಟಿಗೆ ಕ್ಲಿಪ್ ಹಾಕಿದೆ. ತೂತಿನ ಬಾಯಲ್ಲಿ ಸ್ವಲ್ಪ ಕೆರೆದದ್ದು ಬಿಟ್ಟರೆ ಹೊರಮೈಗೆ ಏನೂ ಆಗಲಿಲ್ಲ.

ಮೊದಲು ಎದ್ದದ್ದು ಬಣ್ಣ. ಎನಾಮಲ್ ಹಾಳೆಯ ಹಾಗೆ ಸುರುಳಿ ಸುತ್ತಿ ಬಂತು. ಆಮೇಲೆ ನೀರು ಕಂದು ನೊರೆಯಾಗಿ, ಅದರ ಮೇಲೆ ತುಕ್ಕಿನ ಕೆನೆ ಕಟ್ಟಿತು. ಕರೆಂಟ್ ಹೋಗುವುದು ನೇರ ದಾರಿಯಲ್ಲಿ. ಕಂಬಿ ಎದುರಿಗಿರುವ ಮೈ ಬೇಗ ಬಿಡುತ್ತದೆ, ಹಿಂಬದಿ ಹಾಗೇ ಉಳಿಯುತ್ತದೆ. ಹಾಗಾಗಿ ಸುತ್ತಲೂ ಕಂಬಿ ನಿಲ್ಲಿಸಿ, ಆಗಾಗ ಲಿಂಕನ್ನು ಹೊರಳಿಸಿದೆ. ಪಿನ್ ತೂತಿನ ಒಳಗೆ ಮಾತ್ರ ಕರೆಂಟಿಗೆ ದಾರಿಯೇ ಇರಲಿಲ್ಲ. ತೆಳು ಕಂಬಿಗೆ ಅಲ್ಲಲ್ಲಿ ಪ್ಲಾಸ್ಟಿಕ್ ಪೈಪಿನ ಬಳೆ ತೊಡಿಸಿ, ಗೋಡೆ ಮುಟ್ಟದ ಹಾಗೆ ತೂತಿನೊಳಗೆ ತೂರಿಸಿದೆ. ಆಮೇಲೆ ಅಲ್ಲೂ ಗುಳ್ಳೆ ಎದ್ದಿತು.

ಮೇಲೆ ತೆಗೆದಾಗಲೆಲ್ಲಾ ಮೈಮೇಲೆ ಮೆತ್ತಗಿನ ಕಪ್ಪು ಪದರ. ಅದನ್ನು ನೈಲಾನ್ ಬ್ರಷ್, ಬಿದಿರಿನ ಕಡ್ಡಿ ಹಿಡಿದು ತೆಗೆದೆ. ಗುಳಿಗಳ ಒಳಗೆ ಹಿತ್ತಾಳೆ ಬ್ರಷ್. ಗ್ರೈಂಡರಿಗೆ ಹಾಕುವ ಉಕ್ಕಿನ ತಂತಿಯ ಚಕ್ರ ಶೆಡ್ಡಿನಲ್ಲೇ ಇತ್ತು, ಅದರ ಕಡೆ ನೋಡಲೂ ಇಲ್ಲ.

ಕಂಡದ್ದು

ಹಲ್ಲಿನ ಬುಡದ ಪಕ್ಕ ಎರಕದಲ್ಲೇ ಮೂಡಿದ ಒಂದು ರಷ್ಯನ್ ಅಕ್ಷರ, ಅದರ ಪಕ್ಕ ಅಂಕಿ. ಬಣ್ಣದ ಕೆಳಗೆ ಇದು ಇದೆ ಎಂದೇ ಗೊತ್ತಿರಲಿಲ್ಲ. ಅಚ್ಚಿನ ಮರಳಿನ ತರಿ ಕೂಡ ಹಾಗೇ ಇತ್ತು. ಯುದ್ಧಕಾಲದಲ್ಲಿ ಯಾರೂ ನಯ ಮಾಡುತ್ತಾ ಕೂರುತ್ತಿರಲಿಲ್ಲ. ಎರಡು ಅಚ್ಚು ಸೇರುವ ಗೆರೆ ಅಷ್ಟು ಉದ್ದಕ್ಕೂ ಎದ್ದು ನಿಂತಿದೆ.

ಹಲ್ಲಿನ ಎರಡು ಬದಿಯೂ ಉಜ್ಜಿ ನಯವಾಗಿತ್ತು. ರೋಲರ್ ಒತ್ತುವ ಮುಖದಲ್ಲಿ ಸಣ್ಣ ತಗ್ಗು, ಬೆರಳಿಟ್ಟರೆ ತಿಳಿಯುವಷ್ಟು. ಪಿನ್ ತೂತಿಗೆ ಕ್ಯಾಲಿಪರ್ ಇಟ್ಟರೆ ಚೈನ್ ಎಳೆಯುವ ದಿಕ್ಕಿನಲ್ಲಿ ಅಡ್ಡದ ಅಳತೆಗಿಂತ 3 ಮಿಮೀ ಹತ್ತಿರ ಜಾಸ್ತಿ. ತೂತು ಮೊಟ್ಟೆಯಾಕಾರಕ್ಕೆ ಬಂದಿದೆ. ಒಂದು ಲಿಂಕಿನಲ್ಲಿ ಇದು ಏನೂ ಅಲ್ಲ ಅನಿಸಬಹುದು. ಒಂದು ಪಕ್ಕಕ್ಕೆ 72 ಲಿಂಕ್, ಎಲ್ಲದರಲ್ಲೂ ಹೀಗೇ ಸವೆದರೆ ಚೈನ್ ಅಷ್ಟೂ ಉದ್ದವಾಗಿ ಜೋತು ಬೀಳುತ್ತದೆ. ಆಗ ಮುಂದಿನ ಚಕ್ರ ಸರಿಸಿ ಬಿಗಿ ಮಾಡಬೇಕು. ಅದೂ ಸಾಲದಿದ್ದರೆ ಲಿಂಕ್ ತೆಗೆದು ಚೈನ್ ಗಿಡ್ಡ ಮಾಡಬೇಕು. ಅಂದರೆ ಈ ಲಿಂಕ್ ಕಾರ್ಖಾನೆಯಿಂದ ಬಂದು ಎರಡೇ ದಿನಕ್ಕೆ ಬಿದ್ದದ್ದಲ್ಲ, ಚೆನ್ನಾಗಿ ಓಡಿದೆ. ಮೇಳದಲ್ಲಿ ಯಾರೂ ಇದಕ್ಕೆ ಬೆಲೆ ಕಟ್ಟುವುದಿಲ್ಲ. ನನ್ನ ಲೆಕ್ಕದಲ್ಲಿ ಶೆಲ್ ಗುರುತಿಗಿಂತ ಇದು ಹೆಚ್ಚು.

ಆ ಶೆಲ್ ಗುರುತಿನ ಮೂಲೆಗೆ ಬರೋಣ. ತುಕ್ಕು ಹೋದ ಮೇಲೆ ಅಂಚಿನಲ್ಲಿ ಒಂದರ ಪಕ್ಕ ಒಂದು ಸಣ್ಣ ಗೆರೆಗಳು ಸಾಲಾಗಿ ಕಂಡವು, ಕೆಳಗಡೆ ಕರಗಿ ಇಳಿದು ಗಟ್ಟಿಯಾದ ಹನಿ. ಗ್ಯಾಸ್ ಕಟಿಂಗ್ ಮಾಡಿದ ಪ್ಲೇಟ್ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ಯುದ್ಧ ಮುಗಿದ ಮೇಲೆ ಯುರೋಪಿನ ಹೊಲಗಳಲ್ಲಿ ನಿಂತಿದ್ದ ಟ್ಯಾಂಕ್‌ಗಳನ್ನು ಗುಜರಿಯವರು ಕತ್ತರಿಸಿ ಸಾಗಿಸಿದರು. ಈ ಲಿಂಕ್ ಅವರ ಕೈಯಿಂದ ತಪ್ಪಿಸಿಕೊಂಡು ನೆಲದಲ್ಲಿ ಉಳಿದ ತುಂಡು. ಅದೂ ಇದರ ಚರಿತ್ರೆಯೇ, ಅಲ್ವಾ? ಅಂಚನ್ನು ಹಾಗೇ ಬಿಟ್ಟೆ.

ಪಿನ್ ತುಂಡಿನ ವಿಷಯ. ಟಿ-34ರಲ್ಲಿ ಪಿನ್ನಿನ ತಲೆ ಗಾಡಿಯ ಒಳಬದಿಗೆ ಇರುತ್ತದೆ, ಹೊರಗೆ ಜಾರುವುದಕ್ಕೆ ತಲೆ ಬಿಡುವುದಿಲ್ಲ. ಒಳಗೆ ಜಾರಿದರೆ? ಅದಕ್ಕೆ ಗಾಡಿಯ ಮೈಗೆ ಹಿಂದುಗಡೆ ಒಂದು ಓರೆ ತುಂಡು ಬೆಸುಗೆ ಹಾಕಿರುತ್ತಾರೆ. ಚೈನ್ ಸುತ್ತುವಾಗ ಹೊರಬಂದ ಪಿನ್ನಿನ ತಲೆ ಅದಕ್ಕೆ ತಾಗಿ ಮತ್ತೆ ಒಳಕ್ಕೆ ಹೋಗುತ್ತದೆ. ಲಾಕ್ ಇಲ್ಲ, ನಟ್ ಇಲ್ಲ, ಓಡುತ್ತಾ ಓಡುತ್ತಾ ತಾನೇ ಸರಿಮಾಡಿಕೊಳ್ಳುತ್ತದೆ. ನನ್ನಲ್ಲಿದ್ದ ತುಂಡಿಗೆ ಆ ತಲೆ ಇದೆ. ತಲೆಯ ಮೇಲೆ ಏಟು ತಿಂದು ಚಪ್ಪಟೆಯಾದ ಹೊಳಪಿನ ಜಾಗವೂ ಇದೆ. ಎಣ್ಣೆ ಬಿಟ್ಟು, ಸಣ್ಣಗೆ ಬಡಿದು ನೋಡಿದೆ, ಕದಲಲಿಲ್ಲ. ಟಾರ್ಚ್ ಹಿಡಿಯುವ ಹಾಗಿಲ್ಲವಲ್ಲ, ಅಲ್ಲೇ ಇರಲಿ ಎಂದು ಬಿಟ್ಟೆ. ಅದು ಹೊರಗೆ ಬಂದಿದ್ದರೆ ಈ ಉಪಾಯ ಯಾರಿಗೂ ತೋರಿಸಿ ಹೇಳುವುದಕ್ಕೆ ಆಗುತ್ತಿರಲಿಲ್ಲ.

ತೊಳೆಯುವುದು, ಮುಚ್ಚುವುದು

ಇಲ್ಲಿ ಆತುರ ಪಟ್ಟರೆ ಹಿಂದಿನದೆಲ್ಲಾ ನೀರಲ್ಲಿ ಹೋಮ. ಡಿಅಯೊನೈಸ್ಡ್, ಅಂದರೆ ಲವಣ ತೆಗೆದ ನೀರಿನಲ್ಲಿ ಮುಳುಗಿಸಿಟ್ಟು, ನೀರು ಬದಲಿಸುತ್ತಾ ಬಂದೆ. ಉಪ್ಪು ಹೋಯಿತೇ ಎಂದು ನೋಡುವುದಕ್ಕೆ ತೊಳೆದ ನೀರಿಗೆ ಒಂದೆರಡು ಹನಿ ನೈಟ್ರಿಕ್ ಆಸಿಡ್, ಆಮೇಲೆ ಸಿಲ್ವರ್ ನೈಟ್ರೇಟ್. ಹಾಲಿನ ಬಣ್ಣ ಬಂದರೆ ಕ್ಲೋರೈಡ್ ಇದೆ, ತಿಳಿಯಾಗಿ ಉಳಿದರೆ ಹೋಗಿದೆ. ತಿಳಿಯಾದ ಮೇಲೆ ಒಲೆಯಲ್ಲಿ ನೂರು ಡಿಗ್ರಿ ಆಸುಪಾಸಿನಲ್ಲಿ ಒಣಗಿಸಿದೆ. ಅಡುಗೆ ಒಲೆಯಲ್ಲ, ಶೆಡ್ಡಿಗೆಂದೇ ಇಟ್ಟುಕೊಂಡ ಹಳೆಯದು. ಮನೆಯವರನ್ನು ಕೇಳಬೇಕಾದ ಪ್ರಮೇಯ ಬರಲಿಲ್ಲ.

ಆಮೇಲೆ ಟ್ಯಾನಿಕ್ ಆಸಿಡ್ ದ್ರಾವಣ, ಬ್ರಷ್ಷಿನಿಂದ ತೆಳ್ಳಗೆ. ಉಳಿದ ತುಕ್ಕು ನೀಲಿ ಬೆರೆತ ಕಪ್ಪಿಗೆ ತಿರುಗಿತು. ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ನಮ್ಮ ಹಿರಿಯರು ಮಸಿ ಮಾಡುತ್ತಿದ್ದುದೂ ಇದೇ ರಸಾಯನ. ಕೊನೆಗೆ ಮೈಕ್ರೋಕ್ರಿಸ್ಟಲೈನ್ ಮೇಣ. ನಾನು ಬಳಸಿದ್ದು ರೆನೈಸಾನ್ಸ್ ವ್ಯಾಕ್ಸ್, ಬ್ರಿಟಿಷ್ ಮ್ಯೂಸಿಯಂನವರು ತಮ್ಮ ವಸ್ತುಗಳಿಗೆಂದು ರೂಪಿಸಿದ್ದು. ಲಿಂಕ್ ಇನ್ನೂ ಬೆಚ್ಚಗಿರುವಾಗಲೇ ಹಚ್ಚಿದರೆ ಗುಳಿಗಳಿಗೆಲ್ಲಾ ಇಳಿಯುತ್ತದೆ. ವಾರ್ನಿಷ್ ಬೇಡ. ಅದರ ಕೆಳಗೆ ತುಕ್ಕು ಶುರುವಾದರೆ ಕಾಣುವುದೇ ಇಲ್ಲ, ಬೇಕೆಂದಾಗ ತೆಗೆಯುವುದೂ ಕಷ್ಟ. ಮೇಣವಾದರೆ ವೈಟ್ ಸ್ಪಿರಿಟ್ ಹಾಕಿ ಒರೆಸಿದರೆ ಬರುತ್ತದೆ.

ಸ್ಟ್ಯಾಂಡಿಗೆ ಓಕ್ ಮರದ ಹಲಗೆ ಚೆಂದ ಕಾಣುತ್ತದೆ, ಅದನ್ನು ಮಾತ್ರ ಇಡಬೇಡಿ. ಓಕ್ ಬಿಡುವ ಅಸಿಟಿಕ್ ಆಸಿಡ್ ಆವಿ ಕಬ್ಬಿಣಕ್ಕೆ ಆಗಿಬರುವುದಿಲ್ಲ. ಆ್ಯಂಗಲ್ ಪಟ್ಟಿ ಬೆಸೆದು, ಬಣ್ಣ ಹೊಡೆದು, ಲಿಂಕ್ ತಾಗುವ ಕಡೆ ಪಾಲಿಥೀನ್ ಫೋಮ್ ಅಂಟಿಸಿದೆ. ಭಾರವೆಲ್ಲಾ ಖಾಲಿ ಪಿನ್ ತೂತಿನ ಮೇಲೆ. ಒಂದೇ ಒಂದು ಹೊಸ ತೂತು ಕೊರೆದಿಲ್ಲ.

ಕೊಳ್ಳುವವರಿಗೆ ಎರಡು ಮಾತು

ಟ್ರ್ಯಾಕ್ ಲಿಂಕ್, ರೋಡ್ ವೀಲ್, ಸಲಕರಣೆಗಳು ಇರಲಿ. ಶೆಲ್, ಅದನ್ನು ಸಿಡಿಸುವ ಫ್ಯೂಸ್, ಗ್ರೆನೇಡ್ "ಖಾಲಿ ಇದೆ" ಎಂದು ಯಾರು ಹೇಳಿದರೂ ಮುಟ್ಟಬೇಡಿ. ಫ್ರಾನ್ಸ್, ಬೆಲ್ಜಿಯಂನ ರೈತರು ಹೊಲ ಉಳುವಾಗ ಮೊದಲ ಮಹಾಯುದ್ಧದ ಶೆಲ್‌ಗಳು ಈಗಲೂ ಸಿಗುತ್ತಿವೆ, ಈಗಲೂ ಸಿಡಿಯುತ್ತವೆ. ಕತ್ತಲೆಯಲ್ಲಿ ಹೊಳೆಯುವ ಹಳೇ ಡಯಲ್‌ಗಳಲ್ಲಿ ರೇಡಿಯಂ ಇರಬಹುದು, ಬಿಚ್ಚಬೇಡಿ.

ತಾವೇ ಹೋಗಿ ಅಗೆಯುವ ಆಸೆ ಇದ್ದರೆ ಬಿಟ್ಟುಬಿಡಿ. ಯುರೋಪಿನ ಬಹಳಷ್ಟು ಕಡೆ ಅನುಮತಿ ಇಲ್ಲದೆ ಮೆಟಲ್ ಡಿಟೆಕ್ಟರ್ ಹಿಡಿಯುವುದೇ ಅಪರಾಧ. ಕಾನೂನು ಆಚೆಗಿಟ್ಟರೂ, ಆ ನೆಲದಲ್ಲಿ ಮನುಷ್ಯರಿದ್ದಾರೆ. ಜರ್ಮನಿಯ ಫೋಕ್ಸ್‌ಬುಂಡ್ ಸಂಸ್ಥೆ ಪೂರ್ವ ಯುರೋಪಿನಲ್ಲಿ ಈಗಲೂ ಸೈನಿಕರ ಅಸ್ಥಿ ಹುಡುಕಿ, ಗುರುತು ಹಚ್ಚಿ ಹೂಳುತ್ತಿದೆ. ಗುರುತಿನ ಬಿಲ್ಲೆ, ಹೆಲ್ಮೆಟ್ ಆಸೆಗೆ ಯಾರೋ ರಾತ್ರಿ ಅಗೆದುಹೋದರೆ ಆ ಸೈನಿಕನಿಗೆ ಮತ್ತೆ ಹೆಸರು ಸಿಗುವುದಿಲ್ಲ. ಹಾಗಾಗಿ ಮಾರುವವರನ್ನು ಎಲ್ಲಿಂದ ಬಂತು, ಯಾರು ತೆಗೆದರು ಎಂದು ಕೇಳುತ್ತೇನೆ. ಮುಖ ತಿರುಗಿಸಿದರೆ ನಾನೂ ತಿರುಗುತ್ತೇನೆ.

ಬರೀ ನೋಡುವ ಆಸೆಯಾದರೆ ಇಲ್ಲಿ ಡಾರ್ಸೆಟ್‌ನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂ ಇದೆ. 1943ರಲ್ಲಿ ಟ್ಯುನಿಷಿಯಾದಲ್ಲಿ ಸೆರೆಸಿಕ್ಕ ಜರ್ಮನ್ ಟ್ಯಾಂಕ್ ಟೈಗರ್ 131 ಅಲ್ಲಿ ಇಂದೂ ಓಡುತ್ತದೆ. ಊರಲ್ಲಿರುವವರು ಮಡಿಕೇರಿಗೆ ಹೋದರೆ ಜನರಲ್ ತಿಮ್ಮಯ್ಯ ಮ್ಯೂಸಿಯಂ ಅಂಗಳದ ಟಿ-55 ಟ್ಯಾಂಕ್ ನೋಡಿ. ಟಿ-34ರ ವಂಶದ್ದೇ ಅದು. ಬಗ್ಗಿ ಅದರ ಚೈನಿನ ಪಿನ್ ತೂತುಗಳನ್ನು ನೋಡುವುದನ್ನು ಮರೆಯಬೇಡಿ.

ಕೊನೆಯ ಕೆಲಸ ಚೀಟಿ ಬರೆಯುವುದು. "ಟಿ-34" ಎಂದು ಬರೆದು ಮುಗಿಸಬಹುದಿತ್ತು. ಆದರೆ ಎಸ್‌ಯು-85, ಎಸ್‌ಯು-100 ಎಂಬ ಸೋವಿಯತ್ ಫಿರಂಗಿ ಗಾಡಿಗಳೂ ಅದೇ ಚಾಸಿಯ ಮೇಲೆ ಕಟ್ಟಿದವು, ಅದೇ ಚೈನ್ ಹಾಕಿಕೊಂಡವು. ಹಾಗಾಗಿ ಸ್ಟ್ಯಾಂಡಿನ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಹೀಗಿದೆ: "ಟಿ-34 ಮಾದರಿಯ 500 ಮಿಮೀ ಲಿಂಕ್, ಹಲ್ಲಿರುವುದು. ಮಾರಿದವರ ಮಾತಿನ ಪ್ರಕಾರ ಕುರ್ಲಾಂಡ್. ಒಂದು ಮೂಲೆ ಗ್ಯಾಸಿನಿಂದ ಕತ್ತರಿಸಿದೆ. ವಾಷಿಂಗ್ ಸೋಡಾ ಎಲೆಕ್ಟ್ರೋಲಿಸಿಸ್, ಟ್ಯಾನಿಕ್ ಆಸಿಡ್, ಮೇಣ. ಪಿನ್ ತೆಗೆದಿಲ್ಲ. ಬಿಸಿ ಮಾಡಬೇಡಿ."